ಉಪಚಾರದ ಅಳತೆ

ಉಪಕಾರವು ಒಳ್ಳೆಯದು, ಅಪಕಾರವು ಕೆಟ್ಟದ್ದು ಎಂಬಲ್ಲಿ ಯಾರಿಗೂ ವಿವಾದವಿಲ್ಲ. ಇವೆರಡೂ ಬೇರೆ ಬೇರೆ ಕೈಗಳಿಂದ, ಬೇರೆ ಬೇರೆ ಹೊತ್ತಿನಲ್ಲಿ ನಡೆಯುವಂಥವಾಗಿದ್ದರೆ ನೀತಿವಿಚಾರವು ಎಷ್ಟೋ ಸುಲಭವಾಗುತ್ತಿತ್ತು. ಆದರೆ ಒಂದೇ ಕೈ, ಒಂದೇ ಕ್ಷಣದಲ್ಲಿ, ಒಂದೇ ಕಾರ್ಯದಿಂದ, ಒಬ್ಬನೇ ಮನುಷ್ಯನಿಗೆ ಎರಡನ್ನೂ ಮಾಡುವ ಸಂದರ್ಭಗಳು ಲೋಕದಲ್ಲಿ ಉಂಟು. ಮಾಡಿದರೆ ಕೇಡು, ಮಾಡದಿದ್ದರೆ ಅದಕ್ಕಿಂತ ದೊಡ್ಡ ಕೇಡು ಎಂದಿರುವಾಗ ಮಾಡುವವನ ಕರ್ತವ್ಯವೇನು? ಸದುದ್ದೇಶವೊಂದೇ ಅವನನ್ನು ನಿರ್ದೋಷಿಯನ್ನಾಗಿ ಮಾಡಬಲ್ಲುದೆ? ಈ ಪ್ರಶ್ನೆಯು ಪಂಡಿತರ ತರ್ಕಕ್ಕೆ ಮಾತ್ರ ಸೇರಿದುದಲ್ಲ. ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿರುವ ರೋಗಿಯ ಹಾಸಿಗೆಯ ಬಳಿಯಲ್ಲಿ ಅದು ದಿನಕ್ಕೆ ಹಲವು ಸಲ ಏಳುತ್ತದೆ. ಅದಕ್ಕೆ ಉತ್ತರ ಕೊಡಬೇಕಾದವರು ದಾರ್ಶನಿಕರಲ್ಲ, ದಾದಿಯರು.

ರಸ್ತೆಯ ಅಪಘಾತದಲ್ಲಿ ಗಾಯಗೊಂಡ ಒಬ್ಬ ಯುವಕನನ್ನು ಭಾವಿಸಿಕೊಳ್ಳಬಹುದು. ಕರೆದರೆ ಕಣ್ಣು ತೆರೆಯುವುದಿಲ್ಲ, ಮಾತಿಲ್ಲ, ನೋಯಿಸಿದರೆ ಕೈಯನ್ನು ಸೆಳೆದುಕೊಳ್ಳುತ್ತಾನೆ, ಅಷ್ಟೆ. ಗ್ಲಾಸ್ಗೋ ನಗರದ ಟೀಸ್‌ಡೇಲ್, ಜೆನೆಟ್ ಎಂಬ ವೈದ್ಯರು ೧೯೭೪ರಲ್ಲಿ ಪ್ರಕಟಿಸಿದ ಪ್ರಜ್ಞೆಯ ಅಳತೆಗೋಲು ಈಗ ೩ರಿಂದ ೧೫ರವರೆಗೆ ಎಣಿಸುತ್ತದೆ. ಅದರಲ್ಲಿ ಈ ಯುವಕನಿಗೆ ದೊರೆಯುವುದು ೬. ಈ ಅಂಕವು ೮ಕ್ಕೆ ಅಥವಾ ಅದಕ್ಕಿಂತ ಕೆಳಕ್ಕೆ ಇಳಿದವನು ತನ್ನ ಉಸಿರಿನ ದಾರಿಯನ್ನು ತಾನೇ ಕಾಪಾಡಿಕೊಳ್ಳಲಾರನೆಂದು ವೈದ್ಯರು ಸಾಮಾನ್ಯವಾಗಿ ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆಯನ್ನು ಇಳಿಸಿ, ಅವನ ಉಸಿರನ್ನು ಯಂತ್ರಕ್ಕೆ ಒಪ್ಪಿಸುತ್ತಾರೆ. ಹೀಗೆ ಇನ್ನೊಬ್ಬರು ಉಸಿರೂದಿ ಬದುಕಿಸುವ ಕ್ರಮವು ವ್ಯಾಪಕವಾದದ್ದು ೧೯೫೨ರ ಅನಂತರ. ಆ ವರ್ಷ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ರೋಗವು ಹಬ್ಬಿದಾಗ, ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರ ಸಲಹೆಯಂತೆ ಸುಮಾರು ೧,೫೦೦ ಮಂದಿ ವಿದ್ಯಾರ್ಥಿಗಳು ಸರದಿಯ ಮೇಲೆ ರೋಗಿಗಳ ಪಕ್ಕದಲ್ಲಿ ಕುಳಿತು, ರಬ್ಬರಿನ ಚೀಲಗಳನ್ನು ಕೈಯಿಂದ ಒತ್ತಿ ಒತ್ತಿ ಅವರಿಗೆ ಉಸಿರನ್ನು ಕೊಟ್ಟರು. ಅಂದಿನ ಆ ಕೈಗಳ ಕೆಲಸವನ್ನೇ ಇಂದು ಯಂತ್ರವು ಮಾಡುತ್ತಿದೆ.

ಆದರೆ ಯಂತ್ರವು ಉಸಿರನ್ನು ಕೊಡಬಲ್ಲುದೇ ಹೊರತು ಕೆಮ್ಮಲಾರದು. ಆರೋಗ್ಯವಂತನು ಗಂಟಲನ್ನು ಮುಚ್ಚಿ, ಎದೆಯಲ್ಲಿ ಗಾಳಿಯನ್ನು ಬಿಗಿಹಿಡಿದು, ಒಮ್ಮೆಲೇ ಬಿಟ್ಟು ಕಫವನ್ನು ಹೊರಕ್ಕೆ ತಳ್ಳುತ್ತಾನೆ. ಕೊಳವೆ ಇಳಿದಿರುವ ಗಂಟಲು ಮುಚ್ಚಿಕೊಳ್ಳುವುದಿಲ್ಲ. ಮೂಗಿನಲ್ಲಿ ಹಾದುಬಂದು ತೇವಗೊಳ್ಳಬೇಕಾದ ಗಾಳಿಯು ಬೇರೆ ದಾರಿಯಿಂದ ಬರುವುದರಿಂದ ಕಫವು ಗಟ್ಟಿಯಾಗುತ್ತದೆ. ಅದು ಕೂಡಿಕೊಂಡರೆ ಉಸಿರಿನ ದಾರಿ ಕಟ್ಟುವುದು. ಆದಕಾರಣ ದಾದಿಯು ಕೊಳವೆಯೊಳಕ್ಕೆ ಇನ್ನೊಂದು ಸಣ್ಣ ಕೊಳವೆಯನ್ನು ಬಿಟ್ಟು ಕಫವನ್ನು ಹೀರಿ ತೆಗೆಯುತ್ತಾಳೆ. ಇದು ನಿತ್ಯದ ಉಪಚಾರ. ಇದರಲ್ಲಿ ವಿಶೇಷವೇನೂ ಕಾಣದು.

ಈಗ ಆ ಯುವಕನ ತಲೆಯೊಳಗಿನ ಒತ್ತಡವನ್ನು ತೋರಿಸುವ ಮಾಪಕದ ಕಡೆಗೆ ನೋಡಬೇಕು. ಉಪಚಾರಕ್ಕೆ ಮುಂಚೆ ಅದು, ಉದಾಹರಣೆಗೆ, ಪಾದರಸದ ೧೫ ಮಿಲಿಮೀಟರನ್ನು ತೋರಿಸುತ್ತಿತ್ತೆನ್ನೋಣ. ಸಣ್ಣ ಕೊಳವೆಯು ಶ್ವಾಸನಾಳದ ಗೋಡೆಯನ್ನು ಮುಟ್ಟುತ್ತಲೇ ರೋಗಿಯ ಎದೆ ಬಿಗಿಯುತ್ತದೆ, ಮುಖ ಕೆಂಪೇರುತ್ತದೆ, ಸದ್ದಿಲ್ಲದ ಕೆಮ್ಮಿನಿಂದ ಮೈಯೆಲ್ಲ ಅಲುಗುತ್ತದೆ. ಮಾಪಕವು ೩೦ಕ್ಕೆ, ಅದರಿಂದಾಚೆಗೆ ಏರುತ್ತದೆ. ಬಾಗಿಲ ಬಳಿ ನಿಂತ ತಾಯಿ ಮುಖವನ್ನು ತಿರುಗಿಸಿಕೊಳ್ಳುತ್ತಾಳೆ. ಮಗನ ಉಸಿರನ್ನು ಉಳಿಸಲೆಂದು ಮಾಡಿದ ಕೆಲಸವೇ ಅವನ ಮಿದುಳನ್ನು ಹಿಂಡುತ್ತಿದೆ. ಉಪಕಾರವೂ ಅಪಕಾರವೂ ಒಂದೇ ಕೊಳವೆಯ ತುದಿಯಲ್ಲಿ ಕೂಡಿರುವುದೆಂದರೆ ಇದೇ.

ಇದು ಏಕೆ ಹೀಗಾಗುವುದೆಂದು ತಿಳಿಯದೆ ನೀತಿಯ ಮಾತನ್ನು ಎತ್ತುವುದು ತರವಲ್ಲ. ಕಾರಣವನ್ನು ಅರಿಯದ ಕರುಣೆಯು ಕುರುಡು. ಎಡಿನ್‌ಬರೋ ನಗರದ ಅಲೆಗ್ಸಾಂಡರ್ ಮನ್ರೊ ಎಂಬ ಶರೀರಶಾಸ್ತ್ರಜ್ಞನು ೧೭೮೩ರಲ್ಲಿ ಒಂದು ಸರಳವಾದ ಮಾತನ್ನು ಹೇಳಿದನು. ತಲೆಬುರುಡೆಯು ಹಿಗ್ಗದ ಪೆಟ್ಟಿಗೆ. ಮಿದುಳು ಅದುಮಿದರೆ ಕುಗ್ಗದ ವಸ್ತು. ಆದುದರಿಂದ ಅದರೊಳಗಿನ ರಕ್ತದ ಪ್ರಮಾಣವು ಹೆಚ್ಚುಕಡಮೆ ಸ್ಥಿರವಾಗಿಯೇ ಇರಬೇಕು ಎಂದು. ಅವನ ಶಿಷ್ಯನಾದ ಲೀತ್ ಪಟ್ಟಣದ ಜಾರ್ಜ್ ಕೆಲಿ ಎಂಬವನು ೧೮೨೪ರಲ್ಲಿ ತಾನು ಪರೀಕ್ಷಿಸಿದ ಶವಗಳ ಆಧಾರದಿಂದ ಇದನ್ನು ಸಮರ್ಥಿಸಿದನು. ಮಿದುಳಿನ ಸುತ್ತಲೂ ಒಳಗೂ ಹರಿಯುವ ತಿಳಿಯಾದ ಮಸ್ತಿಷ್ಕದ್ರವವನ್ನು ಈ ಲೆಕ್ಕಕ್ಕೆ ಸೇರಿಸಿದವರು ಅನಂತರದವರು. ಈಗಿನ ಎಣಿಕೆಯಂತೆ ಬುರುಡೆಯೊಳಗೆ ನೂರರಲ್ಲಿ ಸುಮಾರು ೮೦ ಪಾಲು ಮಿದುಳು, ೧೦ ಪಾಲು ರಕ್ತ, ೧೦ ಪಾಲು ದ್ರವ. ಒಂದು ಹೆಚ್ಚಿದರೆ ಇನ್ನೊಂದು ಜಾಗ ಬಿಡಬೇಕು. ಬಿಡಲಾರದಾದಾಗ ಒತ್ತಡವು ಏರಬೇಕು.

ಪೆಟ್ಟು ಬಿದ್ದ ಮಿದುಳು ಬಾತುಕೊಳ್ಳುತ್ತದೆ. ಒಳಗೆ ರಕ್ತವು ಸೋರಿ ಹೆಪ್ಪುಗಟ್ಟಿರಲೂ ಬಹುದು. ಮೊದಮೊದಲು ದ್ರವವು ಬೆನ್ನುಹುರಿಯ ಕಡೆಗೆ ಸರಿದು, ಸಿರೆಗಳಲ್ಲಿನ ರಕ್ತವು ಕೆಳಕ್ಕೆ ಇಳಿದು, ಜಾಗವನ್ನು ಮಾಡಿಕೊಡುತ್ತವೆ. ಅಲ್ಲಿಯವರೆಗೆ ಒತ್ತಡವು ಅಷ್ಟಾಗಿ ಏರುವುದಿಲ್ಲ. ಬಿಟ್ಟುಕೊಡತಕ್ಕ ಜಾಗವೆಲ್ಲ ಮುಗಿದ ಮೇಲೆ ಅದು ಅಂಚಿನವರೆಗೆ ತುಂಬಿದ ಕೊಡದಂತೆ. ಅರ್ಧ ತುಂಬಿದ ಕೊಡಕ್ಕೆ ಒಂದು ಬೊಗಸೆ ನೀರು ಹೆಚ್ಚಾದರೆ ಲೆಕ್ಕವಿಲ್ಲ. ತುಂಬಿದ ಕೊಡಕ್ಕೆ ಒಂದು ಹನಿಯೂ ಹೆಚ್ಚೇ. ಆರೋಗ್ಯವಂತನು ಕೆಮ್ಮಿದಾಗಲೂ ತಲೆಯೊಳಗಿನ ಒತ್ತಡವು ಕ್ಷಣಕಾಲ ಬಹಳ ಮೇಲಕ್ಕೆ ಹಾರುತ್ತದೆ, ಮರುಕ್ಷಣವೇ ಇಳಿಯುತ್ತದೆ. ಅವನಿಗೆ ಅದು ತಿಳಿಯುವುದೂ ಇಲ್ಲ. ಗಾಯಗೊಂಡವನಲ್ಲಿ ಅದೇ ಕೆಮ್ಮು ಏರಿಸಿದ ಒತ್ತಡವು ಬೇಗ ಇಳಿಯದಿರಬಹುದು. ಒಂದೇ ಕಾರ್ಯವು ಒಬ್ಬನಿಗೆ ಅಲ್ಪವಾಗಿಯೂ ಇನ್ನೊಬ್ಬನಿಗೆ ಘೋರವಾಗಿಯೂ ಇರಬಹುದೆಂಬ ನೀತಿಪಾಠವು ಇಲ್ಲಿ ಶರೀರದಲ್ಲಿಯೇ ಬರೆದಿದೆ.

ಉಸಿರಿಗೂ ಮಿದುಳಿಗೂ ಇರುವ ನಂಟು ಎರಡು ದಾರಿಗಳಿಂದ ಬಂದುದು. ಮೊದಲನೆಯದು ಸಿರೆಗಳ ದಾರಿ. ತಲೆಯಿಂದ ರಕ್ತವು ಕೊರಳಿನ ಸಿರೆಗಳ ಮೂಲಕ ಎದೆಗೆ ಇಳಿಯಬೇಕು. ಕೆಮ್ಮಿನಿಂದ ಎದೆಯೊಳಗಿನ ಒತ್ತಡವು ಹೆಚ್ಚಿದರೆ ಆ ಇಳಿತಕ್ಕೆ ತಡೆಯಾಗಿ, ರಕ್ತವು ಮೇಲೆಯೇ ನಿಲ್ಲುತ್ತದೆ. ಕೊರಳಿನ ಸಿರೆಗಳನ್ನು ಬೆರಳಿನಿಂದ ಒತ್ತಿದರೆ ಬೆನ್ನಿನಲ್ಲಿ ಚುಚ್ಚಿದ ಸೂಜಿಯಲ್ಲಿ ದ್ರವದ ಒತ್ತಡವು ಏರುವುದೆಂದು ಜರ್ಮನಿಯ ಕ್ವೆಕೆನ್‌ಸ್ಟೆಟ್ ಎಂಬ ವೈದ್ಯನು ೧೯೧೬ರಲ್ಲಿಯೇ ತೋರಿಸಿದ್ದನು. ರೋಗಿಯ ತಲೆ ಒಂದು ಪಕ್ಕಕ್ಕೆ ವಾಲಿದರೂ, ಕೊಳವೆಯನ್ನು ಕಟ್ಟಿದ ಪಟ್ಟಿಯು ಕೊರಳಿಗೆ ಬಿಗಿಯಾದರೂ ಆಗುವುದು ಇದೇ. ಎರಡನೆಯದು ವಾಯುಗಳ ದಾರಿ. ರಕ್ತದಲ್ಲಿ ಇಂಗಾಲಾಮ್ಲವು ಹೆಚ್ಚಿದರೆ ಮಿದುಳಿನ ಧಮನಿಗಳು ಹಿಗ್ಗುತ್ತವೆ, ಕಡಮೆಯಾದರೆ ಕುಗ್ಗುತ್ತವೆ. ಕೆಟಿ ಮತ್ತು ಷ್ಮಿಟ್ ಎಂಬ ಅಮೆರಿಕದ ವಿಜ್ಞಾನಿಗಳು ೧೯೪೮ರಲ್ಲಿ ಇದನ್ನು ಮನುಷ್ಯರಲ್ಲಿ ಅಳೆದರು. ಇಂಗಾಲಾಮ್ಲದ ಒತ್ತಡವು ಒಂದು ಮಿಲಿಮೀಟರು ವ್ಯತ್ಯಾಸವಾದರೆ ಮಿದುಳಿನ ರಕ್ತಪ್ರವಾಹವು ನೂರಕ್ಕೆ ಸುಮಾರು ೩ ಅಥವಾ ೪ರಷ್ಟು ವ್ಯತ್ಯಾಸವಾಗುವುದೆಂದು ಈಗ ಎಣಿಸುತ್ತಾರೆ. ಕಫವನ್ನು ಹೀರುವಾಗ ಉಸಿರು ನಿಲ್ಲುತ್ತದೆ, ಕಫದೊಡನೆ ಗಾಳಿಯೂ ಹೊರಕ್ಕೆ ಹೋಗುತ್ತದೆ. ಆಮ್ಲಜನಕವು ತಗ್ಗುತ್ತದೆ, ಇಂಗಾಲಾಮ್ಲವು ಏರುತ್ತದೆ, ಧಮನಿಗಳು ಹಿಗ್ಗುತ್ತವೆ. ತುಂಬಿದ ಕೊಡಕ್ಕೆ ಹನಿಗಳು ಬೀಳುತ್ತವೆ.

ಒತ್ತಡವು ಏರಿದರೆ ಏನು ಕೇಡು? ಮಿದುಳಿಗೆ ರಕ್ತವನ್ನು ತಳ್ಳುವ ಬಲವು ಧಮನಿಗಳ ಸರಾಸರಿ ಒತ್ತಡದಲ್ಲಿ ಕಪಾಲದೊಳಗಿನ ಒತ್ತಡವನ್ನು ಕಳೆದು ಉಳಿದಷ್ಟು ಮಾತ್ರ. ಮೊದಲನೆಯದು ೯೦, ಎರಡನೆಯದು ೧೫ ಇದ್ದರೆ ಉಳಿಯುವುದು ೭೫. ಎರಡನೆಯದು ೪೦ಕ್ಕೆ ಏರಿದರೆ ಉಳಿಯುವುದು ೫೦. ಅಮೆರಿಕದಲ್ಲಿ ೨೦೧೬ರಲ್ಲಿ ಪ್ರಕಟವಾದ ಮಾರ್ಗದರ್ಶಿಯು ಈ ಶೇಷವು ೬೦ರಿಂದ ೭೦ರವರೆಗೆ ಇರಬೇಕೆಂದೂ, ಕಪಾಲದೊಳಗಿನ ಒತ್ತಡವು ೨೨ನ್ನು ಮೀರಿದರೆ ಚಿಕಿತ್ಸೆ ಬೇಕೆಂದೂ ಹೇಳುತ್ತದೆ. ಶರೀರವೂ ಸುಮ್ಮನೆ ಕೂರುವುದಿಲ್ಲ. ತಲೆಯೊಳಗೆ ಒತ್ತಡವು ಹೆಚ್ಚಿದಾಗ ರಕ್ತದ ಒತ್ತಡವು ಅದನ್ನು ಮೀರಲು ಏರುವುದೆಂದು ಹಾರ್ವೆ ಕುಷಿಂಗ್ ಎಂಬ ಶಸ್ತ್ರವೈದ್ಯನು ೧೯೦೧ರ ಸುಮಾರಿನಲ್ಲಿ ಸ್ವಿಟ್ಸರ್ಲೆಂಡಿನ ಬರ್ನ್ ನಗರದಲ್ಲಿ ಪ್ರಯೋಗಗಳಿಂದ ತೋರಿಸಿದನು. ಕಫವನ್ನು ಹೀರುವಾಗಲೂ ಅನೇಕ ರೋಗಿಗಳಲ್ಲಿ ರಕ್ತದ ಒತ್ತಡವು ಜೊತೆಯಲ್ಲಿಯೇ ಏರುವುದರಿಂದ ಮಿದುಳಿಗೆ ಹೋಗುವ ರಕ್ತವು ಅಷ್ಟಾಗಿ ಕುಗ್ಗುವುದಿಲ್ಲ. ಏರಿದ ಒತ್ತಡವು ಸ್ವಲ್ಪ ಹೊತ್ತಿನಲ್ಲಿ ಇಳಿಯುವುದೂ ಉಂಟು. ಆದಕಾರಣ ಇದನ್ನು ಕಂಡು ಭೀತರಾಗಬೇಕಾದುದಿಲ್ಲ. ಆದರೆ ಇಳಿಯುವುದಕ್ಕೆ ಮುಂಚೆಯೇ ಎರಡನೆಯ ಸಲ, ಮೂರನೆಯ ಸಲ ಕೊಳವೆಯನ್ನು ಬಿಟ್ಟರೆ ಒತ್ತಡವು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅಲ್ಲಿರುವುದು ನಿಜವಾದ ಭಯ.

ಹಾಗಾದರೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡರಾಗದೆ? ನೋಯಿಸಲಾರೆನೆಂದು ಸುಮ್ಮನಿರುವುದು ಮೇಲುನೋಟಕ್ಕೆ ಅಹಿಂಸೆಯಂತೆ ಕಾಣುತ್ತದೆ. ಆದರೆ ಕಫವು ಕಟ್ಟಿಕೊಂಡ ಕೊಳವೆಯಲ್ಲಿ ಗಾಳಿಯಾಡದು. ಆಮ್ಲಜನಕವು ತಗ್ಗಿದರೆ ಮಿದುಳಿಗೆ ಎರಡನೆಯ ಪೆಟ್ಟು ಬೀಳುತ್ತದೆ. ಇಂಗಾಲಾಮ್ಲವು ಕೂಡಿ ಒತ್ತಡವು ಮತ್ತೂ ಏರುತ್ತದೆ. ಶ್ವಾಸಕೋಶದಲ್ಲಿ ಕೀವುಜ್ವರವು ಹುಟ್ಟುತ್ತದೆ. ೭೧೭ ಮಂದಿ ರೋಗಿಗಳ ವೃತ್ತಾಂತವನ್ನು ಪರಿಶೀಲಿಸಿ ೧೯೯೩ರಲ್ಲಿ ಪ್ರಕಟವಾದ ಒಂದು ವರದಿಯು, ಗಾಯವಾದ ಮೇಲೆ ರಕ್ತದ ಒತ್ತಡವು ಕುಸಿಯುವುದೂ ಆಮ್ಲಜನಕವು ತಗ್ಗುವುದೂ ರೋಗಿಯ ಗತಿಯನ್ನು ಎಷ್ಟು ಕೆಡಿಸುವುವೆಂಬುದನ್ನು ತೋರಿಸಿತು. ಮೊದಲನೆಯ ಪೆಟ್ಟನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾರರು. ಎರಡನೆಯದನ್ನು ತಡೆಯುವುದಷ್ಟೇ ಮನುಷ್ಯಸಾಧ್ಯ. ಅದನ್ನು ತಡೆಯಬಲ್ಲ ಕೈಯು ನೋಯಿಸಬಾರದೆಂದು ಮಡಿಲಲ್ಲಿ ಕುಳಿತರೆ ಅದು ಅಹಿಂಸೆಯಲ್ಲ, ತನ್ನ ಮನಸ್ಸಿನ ನೆಮ್ಮದಿಯನ್ನು ರೋಗಿಯ ಪ್ರಾಣದಿಂದ ಕೊಂಡಂತೆ.

ಮಾಡುವುದರಲ್ಲಿಯೂ ದೋಷ, ಮಾಡದಿರುವುದರಲ್ಲಿಯೂ ದೋಷ ಎಂಬ ಈ ಇಕ್ಕಟ್ಟಿಗೆ ಹಿಂದಿನವರು ಎರಡು ಬಗೆಯ ಸಮಾಧಾನಗಳನ್ನು ಹೇಳಿದ್ದಾರೆ. ಬೆಂಕಿಯನ್ನು ಹೊಗೆಯು ಕವಿದಿರುವಂತೆ ಎಲ್ಲ ಕರ್ಮಗಳನ್ನೂ ದೋಷವು ಕವಿದಿರುವುದು, ಆದುದರಿಂದ ತನ್ನ ಪಾಲಿಗೆ ಬಂದ ಕರ್ಮವನ್ನು ಬಿಡಲಾಗದು ಎಂಬುದು ಭಗವದ್ಗೀತೆಯ ಅಭಿಪ್ರಾಯ. ಯೂರೋಪಿನಲ್ಲಿ ೧೩ನೆಯ ಶತಮಾನದ ತಾಮಸ್ ಅಕ್ವಿನಾಸ್ ಎಂಬ ಮತಾಚಾರ್ಯನು, ಒಂದೇ ಕಾರ್ಯಕ್ಕೆ ಎರಡು ಫಲಗಳಿರಬಹುದು, ಅವುಗಳಲ್ಲಿ ಒಂದೇ ಕರ್ತೃವಿನ ಉದ್ದೇಶವಾಗಿರಬಹುದು ಎಂದು ವಿಂಗಡಿಸಿದನು. ದಾದಿಯ ಉದ್ದೇಶವು ಉಸಿರಿನ ದಾರಿಯನ್ನು ತೆರೆಯುವುದು. ಒತ್ತಡವು ಏರುವುದು ಅವಳು ಬಲ್ಲ ಫಲವಾದರೂ ಬಯಸಿದ ಫಲವಲ್ಲ.

ಈ ಎರಡು ಮಾತುಗಳೂ ಸತ್ಯವೇ. ಆದರೆ ಇವುಗಳನ್ನು ಎಲ್ಲಿಯವರೆಗೆ ಎಳೆಯಬಹುದೆಂಬುದನ್ನು ಯೋಚಿಸಬೇಕು. ಬೆಂಕಿಗೆ ಹೊಗೆಯು ಸಹಜವೆಂದ ಮಾತ್ರಕ್ಕೆ ಹಸಿಯ ಸೌದೆಯನ್ನು ಒಲೆಗೆ ತುರುಕುವವಳು ಜಾಣೆಯಾಗಲಾರಳು. ಒಣಗಿದ ಸೌದೆಯನ್ನು ಆರಿಸಿ, ಗಾಳಿಗೆ ದಾರಿಮಾಡಿ, ಊದುವಷ್ಟೇ ಊದಿದರೆ ಹೊಗೆಯು ಕಡಮೆಯಾಗುತ್ತದೆ, ಪೂರ್ಣವಾಗಿ ಹೋಗದಿರಬಹುದು. ಕಡಮೆ ಮಾಡಬಹುದಾದ ಹೊಗೆಯನ್ನು ಮಾಡದೆ ಬಿಟ್ಟಾಗ ಅದು ಕರ್ಮದ ಸಹಜದೋಷವಲ್ಲ, ಕರ್ತೃವಿನ ದೋಷ. ಹಾಗೆಯೇ, ತಾನು ಬಯಸಲಿಲ್ಲವೆಂಬ ಕಾರಣದಿಂದ ಒಂದು ಕೇಡಿನ ಹೊಣೆಯು ಕಳೆಯುವುದಿಲ್ಲ; ಬಯಸದಿದ್ದುದು ನಿಜವಾದರೆ ಅದನ್ನು ತಗ್ಗಿಸುವ ಯತ್ನದಲ್ಲಿ ಆ ನಿಜವು ಕಾಣಬೇಕು. ಸದುದ್ದೇಶಕ್ಕೆ ಸಾಕ್ಷಿಯು ಮನಸ್ಸಿನೊಳಗಿಲ್ಲ, ಕೈಯ ನಡೆಯಲ್ಲಿದೆ.

ಆ ಯತ್ನವು ಹೇಗಿರುವುದೆಂಬುದನ್ನು ಇದೇ ಉಪಚಾರದಲ್ಲಿ ನೋಡಬಹುದು. ಬಲ್ಲ ದಾದಿಯು ಮೊದಲು ಕೇಳಿಕೊಳ್ಳುವ ಪ್ರಶ್ನೆ: ಈಗ ಇದು ಬೇಕೆ? ಎದೆಗೆ ಕಿವಿಗೊಟ್ಟು ಗೊರಗೊರ ಸದ್ದು ಇದೆಯೇ, ಕೊಳವೆಯಲ್ಲಿ ಕಫವು ಕಾಣುತ್ತಿದೆಯೇ, ಯಂತ್ರವು ಗಾಳಿಯನ್ನು ತಳ್ಳಲು ಹೆಣಗುತ್ತಿದೆಯೇ ಎಂದು ನೋಡುತ್ತಾಳೆ. ಬೇಡವಾದರೆ ಮುಟ್ಟುವುದಿಲ್ಲ. ಬೇಕೆಂದಾದರೆ ಹಾಸಿಗೆಯ ತಲೆಭಾಗವು ಸುಮಾರು ೩೦ ಅಂಶ ಎತ್ತರದಲ್ಲಿದೆಯೇ, ತಲೆ ನೇರವಾಗಿದೆಯೇ, ಕೊರಳಿನ ಪಟ್ಟಿ ಸಡಿಲವಾಗಿದೆಯೇ ಎಂದು ಪರೀಕ್ಷಿಸುತ್ತಾಳೆ. ನೋವನ್ನೂ ಕೆಮ್ಮನ್ನೂ ತಗ್ಗಿಸುವ ಔಷಧವನ್ನು ವೈದ್ಯರು ವಿಧಿಸಿದ್ದರೆ ಅದು ಹಿಡಿಯುವವರೆಗೆ ಕಾಯುತ್ತಾಳೆ. ೩೦ರಿಂದ ೬೦ ಸೆಕೆಂಡುಗಳ ಕಾಲ ಹೆಚ್ಚಿನ ಆಮ್ಲಜನಕವನ್ನು ಕೊಟ್ಟು ಮುಂಬರುವ ಕೊರತೆಗೆ ಬುತ್ತಿಯನ್ನು ಕಟ್ಟುತ್ತಾಳೆ. ಹೀರುವ ಕೊಳವೆಯು ದೊಡ್ಡ ಕೊಳವೆಯ ಒಳ ಅಗಲದಲ್ಲಿ ಅರ್ಧಕ್ಕಿಂತ ಸಣ್ಣದಾಗಿರಬೇಕು. ಇಲ್ಲವಾದರೆ ಗಾಳಿಯು ಒಳಕ್ಕೆ ಬರಲು ಎಡೆಯಿರದು. ಹೀರುವುದು ೧೦ ಸೆಕೆಂಡು, ಹೆಚ್ಚೆಂದರೆ ೧೫. ಒಮ್ಮೆ ಮಾಡಿದ ಮೇಲೆ ಮಾಪಕವು ಮೊದಲಿನ ಕಡೆಗೆ ಇಳಿಯುವವರೆಗೆ ಕಾಯಬೇಕು, ಅಗತ್ಯವಾದರೆ ಇನ್ನೊಮ್ಮೆ, ಸಾಧ್ಯವಾದಷ್ಟು ಮಟ್ಟಿಗೆ ಅಲ್ಲಿಗೆ ಸಾಕು. ಮಗ್ಗುಲು ತಿರುಗಿಸುವುದು, ಮೈ ಒರೆಸುವುದು, ಎದೆಯನ್ನು ತಟ್ಟಿ ಕಫವನ್ನು ಸಡಿಲಿಸುವುದು ಮೊದಲಾದುವನ್ನು ಒಂದರ ಬೆನ್ನಿಗೆ ಒಂದಾಗಿ ಮಾಡದೆ ನಡುವೆ ಬಿಡುವನ್ನು ಕೊಡಬೇಕು. ಕಫವು ಇಳಿದುಬರಲೆಂದು ಬೇರೆ ರೋಗಿಗಳಲ್ಲಿ ತಲೆಯನ್ನು ತಗ್ಗಿಸುವ ಕ್ರಮವುಂಟು. ಈ ರೋಗಿಯಲ್ಲಿ ಅದು ಸಲ್ಲದು.

ಇವೆಲ್ಲ ಸಣ್ಣ ಸಣ್ಣ ವಿವರಗಳು. ಇವುಗಳಲ್ಲಿ ನೀತಿಯೆಲ್ಲಿದೆ ಎಂದು ಒಬ್ಬರು ಕೇಳಬಹುದು. ನೀತಿಯಿರುವುದು ಇವುಗಳಲ್ಲಿಯೇ. ಚರಕಸಂಹಿತೆಯು ಚಿಕಿತ್ಸೆಗೆ ವೈದ್ಯ, ಔಷಧ, ಉಪಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿ, ಉಪಚಾರಕನಿಗೆ ಉಪಚಾರದ ಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳನ್ನು ವಿಧಿಸುತ್ತದೆ. ಜ್ಞಾನವನ್ನೂ ದಕ್ಷತೆಯನ್ನೂ ಒಂದು ಕಡೆಗೆ, ಅನುರಾಗವನ್ನು ಇನ್ನೊಂದು ಕಡೆಗೆ ಆ ಗ್ರಂಥವು ಇಡಲಿಲ್ಲವೆಂಬುದು ಗಮನಿಸತಕ್ಕುದು. ಅನುರಾಗವಿದ್ದು ದಕ್ಷತೆಯಿಲ್ಲದವನು ಅಳುತ್ತಲೇ ರೋಗಿಯನ್ನು ಕೊಲ್ಲಬಲ್ಲನು. ದಕ್ಷತೆಯಿದ್ದು ಅನುರಾಗವಿಲ್ಲದವನು ಬೇಕಿಲ್ಲದ ಹೊತ್ತಿನಲ್ಲಿಯೂ ಚೆನ್ನಾಗಿಯೇ ಹೀರಿ ತೆಗೆಯುವನು. ೧೦ ಸೆಕೆಂಡುಗಳನ್ನು ಎಣಿಸುವ ದಾದಿಯಲ್ಲಿ ಎರಡೂ ಒಂದೇ ಆಗಿವೆ. ಅವಳ ಎಣಿಕೆಯೇ ಅವಳ ಅನುರಾಗ.

ಇದಕ್ಕೆ ಶತ್ರುವಾದುದು ಕ್ರೌರ್ಯವಲ್ಲ, ರೂಢಿ. ಎರಡು ಗಂಟೆಗೊಮ್ಮೆ ಹೀರಬೇಕೆಂದು ಗೋಡೆಯ ಮೇಲೆ ಬರೆದಿದ್ದರೆ ಗಡಿಯಾರವು ಹೊಡೆದೊಡನೆ ಕೈಯು ಕೊಳವೆಗೆ ಹೋಗುತ್ತದೆ. ಕಫವಿದೆಯೇ ಎಂಬ ಪ್ರಶ್ನೆ ಏಳುವುದಿಲ್ಲ. ರೂಢಿಯನ್ನು ನಿಂದಿಸುವಾಗಲೂ ನ್ಯಾಯವನ್ನು ಬಿಡಬಾರದು. ಒಬ್ಬ ದಾದಿಗೆ ಹಲವು ಮಂದಿ ರೋಗಿಗಳಿರುವ ಕಡೆಯಲ್ಲಿ ಮರೆವಿನಿಂದ ಕಾಪಾಡುವುದು ಅದೇ ರೂಢಿ. ಎರಡು ಗಂಟೆಗೊಮ್ಮೆ ನೋಡಬೇಕೆಂಬ ನಿಯಮವು ಒಳ್ಳೆಯದು. ಎರಡು ಗಂಟೆಗೊಮ್ಮೆ ಮಾಡಿಯೇ ತೀರಬೇಕೆಂಬ ನಿಯಮವು ಕೆಟ್ಟದ್ದು. ಗಡಿಯಾರವು ಗಮನವನ್ನು ಎಬ್ಬಿಸಬೇಕು, ಗಮನದ ಸ್ಥಾನದಲ್ಲಿ ಕುಳಿತುಕೊಳ್ಳಬಾರದು. ಒಂದು ಸಲ ಅಗತ್ಯವಾಗಿದ್ದುದರಿಂದ ನೋಯಿಸುವ ಅಧಿಕಾರವು ಬಂದಿತ್ತು. ಆ ಅಧಿಕಾರವು ಅಂದಿನ ಆ ಗಳಿಗೆಗೆ ಮಾತ್ರ. ಮುಂದಿನ ಸಲಕ್ಕೆ ಅದನ್ನು ಹೊಸದಾಗಿ ಸಂಪಾದಿಸಬೇಕು.

ಇನ್ನೊಂದು ಅಪಾಯವು ಇದಕ್ಕಿಂತ ಸೂಕ್ಷ್ಮವಾದುದು. ಅದು ಅಂಕಿಯ ಮೇಲಣ ಮೋಹ. ಸ್ವೀಡನ್ ದೇಶದ ಲುಂಡ್ ನಗರದ ನಿಲ್ಸ್ ಲುಂಡ್‌ಬರ್ಗ್ ಎಂಬ ಶಸ್ತ್ರವೈದ್ಯನು ೧೯೬೦ರಲ್ಲಿ, ಮಿದುಳಿನೊಳಗಿನ ದ್ರವದ ಒತ್ತಡವನ್ನು ಗಂಟೆಗಟ್ಟಲೆ ಎಡೆಬಿಡದೆ ದಾಖಲಿಸುವ ವಿಧಾನವನ್ನು ಕುರಿತು ಪ್ರಕಟಿಸಿದನು. ಕಣ್ಣಿಗೆ ಕಾಣದಿದ್ದುದು ಕಾಗದದ ಮೇಲೆ ಗೆರೆಯಾಗಿ ಕಂಡಿತು. ಅದಕ್ಕೆ ಸ್ವಲ್ಪ ಮುಂಚೆ, ೧೯೫೯ರಲ್ಲಿ, ಅವನೂ ಅವನ ಸಂಗಡಿಗರೂ ಉಸಿರನ್ನು ವೇಗವಾಗಿ ನಡೆಸಿದರೆ ಈ ಒತ್ತಡವು ಇಳಿಯುವುದೆಂದು ತಿಳಿಸಿದ್ದರು. ಅದು ನಿಜ, ಇಂಗಾಲಾಮ್ಲವು ಕಡಮೆಯಾಗಿ ಧಮನಿಗಳು ಕುಗ್ಗುವುದರಿಂದ ಹಾಗಾಗುತ್ತದೆ. ಅನಂತರದ ದಶಕಗಳಲ್ಲಿ ತಲೆಗೆ ಪೆಟ್ಟು ಬಿದ್ದವರ ಉಸಿರನ್ನು ಮೊದಲಿನಿಂದಲೇ ವೇಗವಾಗಿ ನಡೆಸುವ ಕ್ರಮವು ಹಲವೆಡೆ ಬೆಳೆಯಿತು. ಅಂಕಿಯು ಇಳಿಯುತ್ತಿತ್ತು, ನೋಡಿದವರಿಗೆ ಸಮಾಧಾನವಾಗುತ್ತಿತ್ತು. ಆದರೆ ಇಂಗಾಲಾಮ್ಲವು ೩೫ರಿಂದ ೨೫ಕ್ಕೆ ಇಳಿದರೆ ಮಿದುಳಿಗೆ ಹೋಗುವ ರಕ್ತವೂ ಸುಮಾರು ಮೂರನೆಯ ಒಂದು ಪಾಲು ಕಡಮೆಯಾಗುತ್ತದೆ. ಪೆಟ್ಟು ಬಿದ್ದ ಮೊದಲ ದಿನದಲ್ಲಿ ಬಹು ಮಂದಿಯಲ್ಲಿ ಅದು ಮೊದಲೇ ಕುಗ್ಗಿರುತ್ತದೆ. ೧೯೯೧ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ರೋಗಿಗಳನ್ನು ಚೀಟಿಯೆತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಕೆಲವರ ಉಸಿರನ್ನು ವೇಗವಾಗಿಯೂ ಕೆಲವರದನ್ನು ಸಾಧಾರಣವಾಗಿಯೂ ನಡೆಸಿ ನೋಡಿದರು. ಗಾಯದ ತೀವ್ರತೆಯು ಒಂದು ಮಟ್ಟಿಗಿದ್ದವರಲ್ಲಿ, ಮೂರು ಮತ್ತು ಆರು ತಿಂಗಳುಗಳ ಅನಂತರ, ಉಸಿರನ್ನು ವೇಗವಾಗಿ ನಡೆಸಿಕೊಂಡವರೇ ಹೆಚ್ಚು ಕೆಟ್ಟ ಸ್ಥಿತಿಯಲ್ಲಿದ್ದರು. ಈಗ ಆ ಕ್ರಮವನ್ನು ಮುನ್ನೆಚ್ಚರಿಕೆಯ ಹೆಸರಿನಲ್ಲಿ ದೀರ್ಘಕಾಲ ನಡೆಸಬಾರದೆಂದು ಮಾರ್ಗದರ್ಶಿಗಳು ಹೇಳುತ್ತವೆ.

ಕಫವನ್ನು ಹೀರುವಾಗ ಅಂಕಿಯು ಏರುತ್ತದೆ, ಆದರೂ ಕಾರ್ಯವು ಹಿತಕರವಾಗಿರಬಹುದು. ಉಸಿರನ್ನು ವೇಗವಾಗಿ ನಡೆಸಿದಾಗ ಅಂಕಿಯು ಇಳಿಯುತ್ತದೆ, ಆದರೂ ಕಾರ್ಯವು ಅಹಿತವಾಗಿರಬಹುದು. ನೋವು ಕಂಡಲ್ಲಿ ಕೇಡಿದೆಯೆಂದೂ, ಸಮಾಧಾನ ಕಂಡಲ್ಲಿ ಹಿತವಿದೆಯೆಂದೂ ತಿಳಿಯುವವನು ಎರಡು ಕಡೆಯೂ ಮೋಸಹೋಗುತ್ತಾನೆ. ಅಂಕಿಯು ರೋಗಿಯ ಬಗ್ಗೆ ಒಂದು ಸುದ್ದಿ, ಅದೇ ರೋಗಿಯಲ್ಲ. ಸುದ್ದಿಯನ್ನು ತಿದ್ದಿದ ಮಾತ್ರಕ್ಕೆ ಸಂಗತಿಯು ತಿದ್ದುಪಡಿಯಾಗದು.

ಮಾಪಕವೇ ಇಲ್ಲದ ಆಸ್ಪತ್ರೆಗಳು ಭಾರತದಲ್ಲಿಯೂ ಲೋಕದ ಇತರ ಕಡೆಗಳಲ್ಲಿಯೂ ಬೇಕಾದಷ್ಟಿವೆ. ಅಲ್ಲಿಯ ದಾದಿಯ ಕರ್ತವ್ಯವೇನು? ಬೊಲಿವಿಯಾ ಮತ್ತು ಇಕ್ವೆಡಾರ್ ದೇಶಗಳಲ್ಲಿ ೩೨೪ ಮಂದಿ ರೋಗಿಗಳ ಮೇಲೆ ನಡೆದು ೨೦೧೨ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಒಂದು ಗುಂಪಿಗೆ ಮಾಪಕವನ್ನಿಟ್ಟು ಅದರ ಅಂಕಿಯಂತೆಯೂ, ಇನ್ನೊಂದು ಗುಂಪಿಗೆ ತಲೆಯ ಚಿತ್ರಗಳನ್ನೂ ರೋಗಿಯ ಲಕ್ಷಣಗಳನ್ನೂ ಪದೇ ಪದೇ ನೋಡಿ ಅವುಗಳಂತೆಯೂ ಚಿಕಿತ್ಸೆಯನ್ನು ನಡೆಸಿದರು. ಮೊದಲನೆಯ ಗುಂಪು ಎರಡನೆಯದಕ್ಕಿಂತ ಮೇಲಾಗಿ ಕಾಣಲಿಲ್ಲ. ಇದರಿಂದ ಮಾಪಕವು ವ್ಯರ್ಥವೆಂದು ತೀರ್ಮಾನಿಸಬಾರದು. ಎಡೆಬಿಡದ ಗಮನವು ಎರಡು ಗುಂಪಿಗೂ ದೊರೆತಿತ್ತೆಂಬುದನ್ನು ಮಾತ್ರ ನೆನಪಿಡಬೇಕು. ಕಣ್ಣಿನ ಪಾಪೆಯು ಹಿಗ್ಗಿತೇ, ನಾಡಿಯು ನಿಧಾನವಾಯಿತೇ, ರಕ್ತದ ಒತ್ತಡವು ಏರಿತೇ, ಕೈಕಾಲು ಮೊದಲಿನಂತೆ ಸೆಳೆಯುತ್ತಿದೆಯೇ ಎಂದು ನೋಡಬಲ್ಲವಳಿಗೆ ಯಂತ್ರವಿಲ್ಲದ ಕಡೆಯೂ ಪೂರ್ತಿ ಕತ್ತಲಲ್ಲ.

ಈ ಎಲ್ಲದರಲ್ಲಿ ಹೆಚ್ಚು ಭಾರವಾದ ಸಂಗತಿಯೊಂದಿದೆ. ಉಪಚಾರವನ್ನು ಪಡೆಯುವವನು ಮಾತನಾಡಲಾರನು. ಎಚ್ಚರವಿರುವ ರೋಗಿಯು ಸ್ವಲ್ಪ ತಾಳಿರೆಂದು ಕೈಯೆತ್ತಬಲ್ಲನು, ನೋವಾಯಿತೆಂದು ಬೈಯಬಲ್ಲನು, ಬೇಡವೆಂದು ಹೇಳಬಲ್ಲನು. ಅವನ ಬೈಗುಳವೂ ಉಪಚಾರಕನಿಗೆ ಒಂದು ಕಡಿವಾಣವೇ. ಪ್ರಜ್ಞೆಯಿಲ್ಲದವನು ಯಾವ ದೂರನ್ನೂ ಹೇಳನು, ಅನಂತರ ನೆನೆಯನು, ಹತ್ತು ಸೆಕೆಂಡಿಗೂ ಮೂವತ್ತು ಸೆಕೆಂಡಿಗೂ ವ್ಯತ್ಯಾಸವನ್ನು ಸಾರಿ ಹೇಳನು. ಅವನ ವಿಷಯದಲ್ಲಿ ಮಾಡಿದ ಅಜಾಗರೂಕತೆಗೆ ಸಾಕ್ಷಿಯೇ ಇರದಿರಬಹುದು. ಕೇಳುವವರಿಲ್ಲದ ಕಡೆಯಲ್ಲಿ ಅಳತೆಯನ್ನು ಕಾಪಾಡುವುದೇ ಧರ್ಮದ ನಿಜವಾದ ಪರೀಕ್ಷೆ. ಕತ್ತಲಲ್ಲಿ ತಕ್ಕಡಿಯನ್ನು ಹಿಡಿದ ವರ್ತಕನಿಗೂ ನಡುರಾತ್ರಿಯಲ್ಲಿ ಕೊಳವೆಯನ್ನು ಹಿಡಿದ ದಾದಿಗೂ ಈ ವಿಷಯದಲ್ಲಿ ಭೇದವಿಲ್ಲ.

ಬಾಗಿಲ ಬಳಿ ನಿಂತ ತಾಯಿಗೆ ಏನೆಂದು ಹೇಳಬೇಕು? ಏನೂ ಆಗುವುದಿಲ್ಲವೆಂದು ಹೇಳುವುದು ಸುಳ್ಳು. ಅವಳು ಮಗನ ಮುಖವನ್ನು ಕಂಡಿದ್ದಾಳೆ. ಆಗುವುದೆಲ್ಲ ಆಗಲೇಬೇಕೆಂದು ಹೇಳುವುದು ಅರ್ಧಸತ್ಯ. ಇದರಿಂದ ಅವನಿಗೆ ಸ್ವಲ್ಪ ಹೊತ್ತು ಕಷ್ಟವಾಗುತ್ತದೆ, ಮಾಡದಿದ್ದರೆ ಇದಕ್ಕಿಂತ ಹೆಚ್ಚು ಕೇಡಾಗುತ್ತದೆ, ಆದುದರಿಂದ ಬೇಕಾದಾಗ ಮಾತ್ರ, ಬೇಕಾದಷ್ಟು ಮಾತ್ರ ಮಾಡಲಾಗುವುದು ಎಂಬುದೇ ಪೂರ್ಣವಾದ ಸತ್ಯ. ಈ ಮೂರನೆಯ ವಾಕ್ಯವನ್ನು ಹೇಳಬಲ್ಲ ಯೋಗ್ಯತೆಯು, ಅದರಂತೆ ನಡೆದವರಿಗೆ ಮಾತ್ರ ಇರುವುದು. ದೀರ್ಘಕಾಲ ಪ್ರಜ್ಞೆ ಮರಳದೆ, ಕೊರಳಿನಲ್ಲಿ ರಂಧ್ರಮಾಡಿ ಕೊಳವೆಯನ್ನಿಟ್ಟ ರೋಗಿಗಳು ಕೆಲವರು ಕೊನೆಗೆ ಮನೆಗೇ ಹೋಗುತ್ತಾರೆ. ಆಗ ಹೀರುವ ಕೊಳವೆಯು ಆ ತಾಯಿಯ ಕೈಗೇ ಬರುತ್ತದೆ. ಆ ವೇಳೆಗೆ ತಲೆಯೊಳಗಿನ ಒತ್ತಡದ ಭಯವು ಸಾಮಾನ್ಯವಾಗಿ ಕಳೆದಿದ್ದರೂ ಪ್ರಶ್ನೆಯು ಅದೇ: ಈಗ ಇದು ಬೇಕೆ? ಎಷ್ಟು ಸಾಕು? ಮುಖವನ್ನು ತಿರುಗಿಸಿಕೊಂಡಿದ್ದವಳು ಈಗ ನೋಡಲೇಬೇಕು, ನೋಡುತ್ತಲೇ ಮಾಡಬೇಕು.

ಉಪಕಾರವು ನೋಯಿಸಬಹುದೆಂಬುದನ್ನು ಬಲ್ಲವರು ಮೂರು ಬಗೆಯವರು. ನೋವಿಗೆ ಹೆದರಿ ಕೈಬಿಡುವವರು ಒಂದು ಬಗೆ. ಉಪಕಾರವೆಂಬ ಹೆಸರಿನಲ್ಲಿ ನೋವನ್ನು ಮರೆಯುವವರು ಇನ್ನೊಂದು ಬಗೆ. ಮೂರನೆಯವರು ಕೆಲಸವನ್ನೂ ಬಿಡರು, ನೋವನ್ನೂ ಮರೆಯರು. ಪ್ರತಿಯೊಂದು ಸಲವೂ ಅಳೆಯುತ್ತಾರೆ, ಅಳತೆಯು ಮುಗಿದೊಡನೆ ಕೈಯನ್ನು ತೆಗೆಯುತ್ತಾರೆ, ಮಾಪಕವು ಇಳಿಯುವವರೆಗೆ ಪಕ್ಕದಲ್ಲಿ ನಿಲ್ಲುತ್ತಾರೆ. ನಿರ್ದೋಷವಾದ ಉಪಚಾರವೆಂಬುದು ಇದ್ದರೆ ಅದು ಈ ಮೂರನೆಯವರದು. ಅವರಿಂದಲೂ ನೋವು ಆಗದೆ ಇರುವುದಿಲ್ಲ, ಆದರೆ ಆಗಬೇಕಾದುದಕ್ಕಿಂತ ಒಂದು ಕ್ಷಣವೂ ಹೆಚ್ಚು ಆಗುವುದಿಲ್ಲ.